ನಿನ್ನ ಕೋಣೆಯ ಚಿಲಕ

ಸೋಮವಾರ, ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ,

ನಿನ್ನ ಕಾಗದ ತಲುಪಿತು. ಚಿಕಿತ್ಸೆ ಮುಗಿದ ಮೇಲೆ ಮನೆಗೆ ಬರುವುದಿಲ್ಲ, ಯಾರೂ ಗುರುತಿಸದ ಕಡೆ ಕೋಣೆ ಹಿಡಿದು ಒಬ್ಬನೇ ಇರುತ್ತೇನೆ ಎಂದು ಬರೆದಿದ್ದೀಯ. ಓದಿ ಎಷ್ಟು ಸಿಟ್ಟು ಬಂತೆಂದರೆ ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ತಿಳಿಯಲಿಲ್ಲ. ಒಬ್ಬನೇ ಇದ್ದಾಗಲೇ ಅಲ್ಲವೇನೋ ಆ ಪುಡಿ ನಿನ್ನನ್ನು ನುಂಗತೊಡಗಿದ್ದು?

ಕಳೆದ ವಾರ ನಿಮ್ಮ ವ್ಯಸನಮುಕ್ತಿ ಕೇಂದ್ರದ ಸಲಹೆಗಾರ್ತಿ ನಮ್ಮನ್ನೆಲ್ಲ ಕರೆಸಿ ಮಾತಾಡಿದರು. ಅಪ್ಪ ಎದುರಿನ ಕುರ್ಚಿಯ ಅಲುಗಾಡುವ ಕಾಲನ್ನೇ ನೋಡುತ್ತಿದ್ದರು. ಏಳುವಾಗ ಮಾತ್ರ ಕೇಳಿದರು: "ಏನು ಮಾಡಬೇಕು ಅಂತ ಹೇಳಿದ್ರಿ ಮೇಡಂ. ಏನು ಮಾಡಬಾರದು, ಅದನ್ನೂ ಹೇಳಿಬಿಡಿ."

ಜೇಬು ತಡಕಬಾರದು, ಬಟ್ಟೆ ಮೂಸಬಾರದು, ಹಳೆಯದನ್ನು ಎತ್ತಿ ಆಡಬಾರದು ಎಂದರು. ಮತ್ತೆ ಜಾರಿದರೆ ಮುಚ್ಚಿಡದೆ ಅವರಿಗೆ ಫೋನ್ ಮಾಡಬೇಕಂತೆ, ಮನೆಯಿಂದ ಮಾತ್ರ ಹೊರಗೆ ಹಾಕಬಾರದಂತೆ. ಅಮ್ಮನಿಗೆ ಮೂಸುವ ಚಾಳಿ ಬಿಡುವುದೇ ಕಷ್ಟ. ಅಭ್ಯಾಸವಾಗಲಿ ಎಂದು ಈಗ ನನ್ನ ಬಟ್ಟೆಯನ್ನೂ ಮೂಗು ಆಚೆ ತಿರುಗಿಸಿ ಒಗೆಯುತ್ತಾಳೆ.

ಅಪ್ಪ ಶೆಡ್ಡಿನಿಂದ ಪಾಲಿಶ್ ಡಬ್ಬ, ಥಿನ್ನರ್ ಎಲ್ಲವನ್ನೂ ಸಾಗಹಾಕಿದ್ದಾರೆ. ಆ ವಾಸನೆ ಸದ್ಯಕ್ಕೆ ನಿನಗೆ ತಾಗಬಾರದು, ನಶೆಯ ಆಸೆ ಕೆಣಕುತ್ತದಂತೆ. ಮರಗೆಲಸ ನಮ್ಮದು, ಪಾಲಿಶ್ ಬೇರೆ ಕಡೆ ಮಾಡಿಸಿಕೊಳ್ಳಿ ಎಂದು ಗಿರಾಕಿಗಳಿಗೆ ಹೇಳುತ್ತಿದ್ದಾರೆ. ನಿನ್ನ ಬೆಂಚನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಉಳಿಗಳಿಗೆಲ್ಲ ಸಾಣೆ ಹಿಡಿದಿಟ್ಟಿದ್ದಾರೆ.

ನಿನ್ನ ಹಳೆಯ ಗೆಳೆಯ, ಆ ಬೈಕಿನವನು, ಮೊನ್ನೆ ಬಾಗಿಲಿಗೆ ಬಂದು ನೀನು ಯಾವಾಗ ಬರುತ್ತೀಯ ಎಂದು ವಿಚಾರಿಸಿದ. ಅಮ್ಮ ಬೈಯಲಿಲ್ಲ. ಒಳಗೆ ಕರೆದು ಕೂರಿಸಿ, ನೀನೂ ಆ ಕೇಂದ್ರಕ್ಕೆ ಸೇರಿಕೋ ಮಗನೇ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದಳು. ಕೊಟ್ಟ ನೀರನ್ನೂ ಕುಡಿಯದೆ ಕಾಲಿಗೆ ಬುದ್ಧಿ ಹೇಳಿದ.

ಇನ್ನು ನಿನ್ನ ನಿಜವಾದ ಅಳುಕು. ಚಿಲಕವಿಲ್ಲದ ಕೋಣೆಯಲ್ಲಿ ಕಳ್ಳನ ಹಾಗೆ ಇರಲಾರೆ ಎಂದಿದ್ದೀಯ. ಅಂದು ನೀನು ಚಿಲಕ ಹಾಕಿಕೊಂಡು ಒಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಾಗ ಅಪ್ಪ ತಮ್ಮ ಕೈಯಾರೆ ಮಾಡಿದ ಬಾಗಿಲನ್ನು ತಾವೇ ಒಡೆದರು. ಆಮೇಲೆ ಹೊಸ ಬಾಗಿಲಿಗೆ ಚಿಲಕ ಹಾಕದೆ ಬಿಟ್ಟದ್ದು ಹೆದರಿಕೆಯಿಂದ, ನಿನ್ನ ಮೇಲಿನ ಸಿಟ್ಟಿನಿಂದಲ್ಲ. ನಿನ್ನೆ ಅವರೇ ಚಿಲಕ ಹಾಕಿದರು, ಒಳಗಡೆಯಿಂದ. "ಅವನ ಕೋಣೆ, ಅವನ ಬಾಗಿಲು" ಅಂದರು, ಅಷ್ಟೇ.

ಶನಿವಾರ ಕೇಂದ್ರದ ಗೇಟಿನಲ್ಲಿ ನಿಂತಿರುತ್ತೇನೆ. ನೀನು ಬರುವವರೆಗೂ ಅಲ್ಲಿಂದ ಕದಲುವುದಿಲ್ಲ. ನೀನು ಮೊಂಡನಾದರೆ ನಾನು ನಿನ್ನ ಅಕ್ಕ, ನೆನಪಿರಲಿ.

ನಿನ್ನನ್ನು ಬಿಟ್ಟುಕೊಡದ,
ಅಕ್ಕ

ತಾ.ಕ.: ಮುಚ್ಚಿಡಬಾರದು ಎಂದಿದ್ದಾರಲ್ಲ, ಅದಕ್ಕೆ ಹೇಳುತ್ತೇನೆ. ಚಿಲಕಕ್ಕೆ ಹಾಕಿರುವುದು ಗಿಡ್ಡ ಸ್ಕ್ರೂ. ಹೊರಗಿನಿಂದ ಒಮ್ಮೆ ಭುಜ ಕೊಟ್ಟು ನೂಕಿದರೆ ಕಿತ್ತುಬರುತ್ತದೆ. ನೀನೂ ಮರಗೆಲಸದವನು, ಮುಟ್ಟಿದ ಕೂಡಲೇ ಕೈಗೆ ತಿಳಿದುಬಿಡುತ್ತದೆ, ಮುನಿಸಿಕೊಳ್ಳಬೇಡ. ಅಮ್ಮ ಈಗ ಅಪ್ಪನ ಜೇಬು ತಡಕುತ್ತಾಳೆ. ಅಲ್ಲಿ ಸಿಕ್ಕಿದ್ದು ಅದೇ ಚಿಲಕಕ್ಕೆ ಹೊಂದುವ ಉದ್ದದ ಸ್ಕ್ರೂಗಳು. ಅಂಗಿ ಬದಲಿಸಿದಾಗಲೆಲ್ಲ ಅಪ್ಪ ಅವನ್ನು ಮರೆಯದೆ ಇನ್ನೊಂದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ.