ಮೇಕೆಗೆ ಹಾಕುವಷ್ಟು ಸೊಪ್ಪು

ಮಾರ್ಚ್ 4

ಗುಡ್ಡದಿಂದ ಒಂದು ಚೀಲ ಕಾಡುಸೊಪ್ಪು ತಂದೆ. ಬೇಯಿಸಿ, ಎಣ್ಣೆ, ನಿಂಬೆ. ಈಸ್ಟರ್‌ವರೆಗೆ ಮಾಂಸ ಇಲ್ಲ, ಚೀಸ್ ಇಲ್ಲ. ಇಬ್ಬರಿಗೂ. ಗಂಡನ ಹೃದಯಕ್ಕೆ ಲೋಹದ ಕವಾಟ ಹಾಕಿದ ದಿನ ಮಾತೆ ಮರಿಯಳಿಗೆ ಈ ಹರಕೆ ಹೊತ್ತವಳು ನಾನೇ.

"ಇನ್ನು ದಿನಾ ಇದೇನಾ? ನಾನೇನು ಮೇಕೆನಾ, ಆರ್ಗಿರೊ?"

"ಮೇಕೆ ಇಷ್ಟು ಮಾತಾಡಲ್ಲ, ಸ್ಟ್ರಾಟಿಸ್. ತೆಪ್ಪಗೆ ತಿನ್ನು."

ತಿಂದ. ತಟ್ಟೆಯ ರಸವನ್ನೂ ಬ್ರೆಡ್ಡಿನಲ್ಲಿ ಒರೆಸಿಕೊಂಡು.

ಮಾರ್ಚ್ 14, ಶುಕ್ರವಾರ

ಸ್ಟ್ರಾಟಿಸ್‌ನ ರಕ್ತ ಪರೀಕ್ಷೆ. ರಕ್ತ ಎಷ್ಟು ತೆಳುವಿದೆ ಎಂದು ಹೇಳುವ, ಎರಡೂವರೆಯ ಮೇಲಿರಬೇಕಾದ ಅಂಕಿ ಒಂದೂವರೆಗೆ ಇಳಿದಿದೆ. ಹೆಪ್ಪುಗಟ್ಟುವ ಭಯ ಅಂದ ಲ್ಯಾಬಿನ ಮಿನಾಸ್.

"ರಕ್ತ ತೆಳುವಾಗಿಸೋ ಮಾತ್ರೆ ತಪ್ಪಿಸಿದ್ರಾ ಅಕ್ಕ?"

"ಒಂದೂ ಇಲ್ಲಪ್ಪ. ನಾನೇ ಕೈಗೆ ಕೊಡ್ತೀನಿ."

"ಇವತ್ತೇ ಡಾಕ್ಟರಿಗೆ ಫೋನ್ ಮಾಡಿ."

ಸೋಮವಾರ ಮಾಡಿದರಾಯಿತು. ಸೊಪ್ಪು ಬಿಡಿಸುವುದು ರಾಶಿ ಇದೆ.

ಮಾರ್ಚ್ 27, ಆಸ್ಪತ್ರೆ

ರಕ್ತ ಪರೀಕ್ಷೆಯಾದ ಎರಡೇ ದಿನಕ್ಕೆ, ಆ ಭಾನುವಾರ ಮಧ್ಯಾಹ್ನ, ಊಟದ ಮೇಜಿನಲ್ಲೇ. "ಮತ್ತೆ ಸೊಪ್ಪು..." ಅಂದವನ ಬಾಯಿ ಸೊಟ್ಟಗಾಯಿತು. ಬಲಗೈಯಿಂದ ಫೋರ್ಕ್ ಬಿತ್ತು.

ಡಾಕ್ಟರಮ್ಮ ಇವತ್ತು ಕೂರಿಸಿಕೊಂಡು ಹೇಳಿದರು. ಕವಾಟದ ಮೇಲೆ ಹೆಪ್ಪು ಕಟ್ಟಿ, ಅದರ ಚೂರು ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದೆಯಂತೆ. ಏನು ತಿನ್ನುತ್ತಿದ್ದ ಎಂದು ಕೇಳಿದರು. ಹೇಳಿದೆ.

"ಅಯ್ಯೋ ಅಮ್ಮ! ರಕ್ತ ಹೆಪ್ಪುಗಟ್ಟಿಸೋ ವಿಟಮಿನ್ನೇ ಸೊಪ್ಪಲ್ಲಿರೋದು. ಮಾತ್ರೆ ಅದನ್ನ ತಡೆಯುತ್ತೆ. ದಿನಾ ಒಂದೇ ಅಳತೆ ತಿಂದಿದ್ರೆ ಸರಿ. ಇದ್ದಕ್ಕಿದ್ದ ಹಾಗೆ ಅಷ್ಟು ಹಾಕಿದ್ರೆ ಮಾತ್ರೆ ಏನು ಮಾಡೀತು?"

ನಾನೇ. ನನ್ನ ಕೈಯಾರೆ. ಫೋನೂ ಮಾಡಲಿಲ್ಲ.

ಏಪ್ರಿಲ್ 6

ಅವನ ಬಾಯಲ್ಲಿ ಉಳಿದಿರುವುದು ಒಂದೇ ಮಾತು. ನೀರಿಗೂ ಸೊಪ್ಪು. ದಿಂಬಿಗೂ ಸೊಪ್ಪು. ನರ್ಸುಗಳು ನಗುತ್ತಾರೆ, ಅವನೂ ನಗುತ್ತಾನೆ. ನನಗೆ ಮಾತ್ರ ಬೈಗುಳದ ಹಾಗೆ ಕೇಳುತ್ತದೆ. ಹೀಗೆ ಒಂದೇ ಮಾತು ನಿಂತುಬಿಡುವುದುಂಟು, ನಿಮ್ಮನ್ನು ಬೈಯುತ್ತಿಲ್ಲ ಅಂದರು ಡಾಕ್ಟರಮ್ಮ. ಇರಬಹುದು... ನನ್ನನ್ನು ಕರೆಯುವುದೂ ಹಾಗೇ. ನಲವತ್ತೊಂದು ವರ್ಷ ಆರ್ಗಿರೊ ಎಂದು ಹೆಸರು ಹಿಡಿದು ಕೂಗಿದವನು.

ಏಪ್ರಿಲ್ 20, ಈಸ್ಟರ್

ಮನೆಗೆ ಬಂದಿದ್ದೇವೆ. ಹಬ್ಬಕ್ಕೆ ಬಣ್ಣ ಹಚ್ಚಿದ ಕೆಂಪು ಮೊಟ್ಟೆ ಗುದ್ದಾಡಿಸುವ ಆಟ. ಎಡಗೈಯಲ್ಲೇ ಗುದ್ದಿ ನನ್ನದನ್ನು ಒಡೆದ. ಇನ್ನು ತಡೆಯಲಾಗಲಿಲ್ಲ.

"ತಪ್ಪಾಯ್ತು ಕಣೋ. ನಾನೇ ಮಾಡಿದ್ದು."

ನನ್ನ ಕೆನ್ನೆ ಒರೆಸಿದ. "ಸೊಪ್ಪು," ಅಂದ, ಮೆಲ್ಲಗೆ.

ಒಂದು ಹಿಡಿ ಬೇಯಿಸಿದೆ, ಡಾಕ್ಟರಮ್ಮ ಹೇಳಿದ ಅಳತೆಗೆ. ಅವನು ಪೂರ್ತಿ ತಿಂದ.

ಏಪ್ರಿಲ್ 23, ಬೆಳಿಗ್ಗೆ

ಅಂಗಳದಿಂದ ಕೂಗುತ್ತಿದ್ದಾನೆ. ಸೊಪ್ಪು, ಸೊಪ್ಪು. ಬಂದೆ ಇರೋ ಮಾರಾಯ, ಎರಡು ಸಾಲು ಬರೆಯಲು ಬಿಡು. ಈಗ ಸುಮ್ಮನಾದ. ಏನೋ ಮಾತಿಗಾಗಿ ತಡಕಾಡುತ್ತಿರುವ ಹಾಗಿದೆ... ಮತ್ತೆ ಕೂಗುತ್ತಿದ್ದಾನೆ. ಸೊಪ್ಪಲ್ಲ. ಆರ್... ಆರ್ಗಿ—