ಕಾಮಾಕ್ಷಿಪಾಳ್ಯಕ್ಕೆಲ್ಲ ಗೊತ್ತಾದ ನನ್ನ ತೂಕ

ರಾಜಾಜಿನಗರ, ೧೨-೮-೮೪

ಅವ್ವಾ, ಬಸ್‌ಸ್ಟಾಪಿನಿಂದಲೇ ನಿನ್ನ ಪಾದಕ್ಕೆ ನಮಸ್ಕಾರ.

ಗೃಹವಿಜ್ಞಾನವೆಂದರೆ ಬರೀ ಅಡುಗೆ ಕಲಿಯುವುದಲ್ಲ ಎಂದು ಅಪ್ಪನಿಗೆ ಹೇಳು. ಮಕ್ಕಳ ಪೋಷಣೆ ಹೇಗಿದೆಯೆಂದು ನೋಡಿಬರಲು ಕಾಲೇಜಿನವರು ನಿನ್ನೆ ನಮ್ಮನ್ನು ಕಾಮಾಕ್ಷಿಪಾಳ್ಯಕ್ಕೆ ಕಳಿಸಿದ್ದರು. ತೂಕದ ಯಂತ್ರ ಕಂಡದ್ದೇ ತಡ, ತಾಯಂದಿರೆಲ್ಲ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ತೂಗಿದರೆ ದೃಷ್ಟಿಯಾಗುತ್ತದಂತೆ! ಕೊನೆಗೆ ಅಣ್ಣಮ್ಮ ಎಂಬ ಅಜ್ಜಿ, "ಮೊದ್ಲು ನೀನ್ ಹತ್ತಮ್ಮ, ಏನಾಗುತ್ತೋ ನೋಡಣ" ಎಂದಳು. ಹತ್ತಿದೆ. ನನ್ನ ಜೊತೆಗಾರ್ತಿ ಜಗದಾಂಬಾ ಬಗ್ಗಿ ನೋಡಿ, "ಐವತ್ತಾರು ಕೇಜಿ ಕಣೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿಬಿಟ್ಟಳು. ಅಜ್ಜಿ ಗಾಬರಿಯಿಂದ ಉಪ್ಪು, ಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಒಲೆಗೆ ಹಾಕಿದಳು. ಒಂದಿಷ್ಟೂ ಘಾಟು ಬರಲಿಲ್ಲ. "ಅಯ್ಯೋ, ಎಷ್ಟ್ ಜನರ ಕಣ್ ಬಿದ್ದಿತ್ತೋ ಈ ಹುಡ್ಗಿ ಮೇಲೆ!"

ಪ್ರತಿ ಕೂಸಿಗೂ ಹಾಗೇ ನಿವಾಳಿಸುವುದಾದರೆ ತೂಗಬಹುದು ಎಂದು ಆಮೇಲೆ ಎಲ್ಲರೂ ಒಪ್ಪಿದರು. ನಮ್ಮ ಸೀರೆಗೆಲ್ಲ ಈಗ ಮೆಣಸಿನಕಾಯಿ ಹೊಗೆಯ ವಾಸನೆ.

ನನ್ನ ಕೆಮ್ಮು ವಾಸಿಯಾಗಿದೆ. ಬಸ್ ಬಂತು. ಕೂಸಾಗಿದ್ದಾಗ ನನ್ನನ್ನು ಯಾರಿಗೂ ತೂಗಲು ಬಿಡದ ನೀನು, ಹಾಸ್ಟೆಲ್ ಊಟದಲ್ಲಿ ಸೊರಗಿದ್ದೀಯಾ ಎಂದು ಪ್ರತಿ ಕಾಗದದಲ್ಲೂ ಕೇಳುತ್ತೀಯ. ನನ್ನನ್ನೇಕೆ ಕೇಳುವುದು? ಕಾಮಾಕ್ಷಿಪಾಳ್ಯದಲ್ಲಿ ಯಾರನ್ನಾದರೂ ಕೇಳು.

ಸರ್ವಮಂಗಳ