ಕಾಫಿ ಬಣ್ಣದ ಪಟ್ಟಿ

ದಿಬ್ಬೂರಹಳ್ಳಿ

ಚಿಂತಾಮಣಿಯಲ್ಲಿರುವ ತಂಗಿ ವರಲಕ್ಷ್ಮಮ್ಮನಿಗೆ, ಅಕ್ಕ ಲಕ್ಷ್ಮೀನರಸಮ್ಮ ಬರೆಯುವುದು.

ಕ್ಷೇಮ ಸಮಾಚಾರ ಆಮೇಲೆ ಕೇಳುತ್ತೇನೆ. ಫೋನಿನಲ್ಲಿ ನೀನು ಅತ್ತುಬಿಡುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದದ ಮುಂದೆ ಎಷ್ಟು ಅತ್ತರೂ ನನ್ನ ಮಾತು ನಿಲ್ಲುವುದಿಲ್ಲ.

ನನ್ನ ಮನೆಯಲ್ಲಿ ಉಂಡು, ನನ್ನ ಮಂಚದ ಮೇಲೆ ಕೂತು, ನಾನು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಲು ಹೋದಾಗ ನನ್ನ ಹೆಣಿಗೆಗೆ ಕತ್ತರಿ ಹಾಕಿದೆಯಲ್ಲ, ನಿನಗೆ ಆ ಅಧಿಕಾರ ಕೊಟ್ಟವರು ಯಾರು?

ಚೂರುಪಾರು ಉಣ್ಣೆ ತಾನೇ ಎಂದುಕೊಂಡೆಯಾ? ಮನೆಯವರಿಗೆಲ್ಲ ಹೆಣೆದು ಉಳಿದ ಉಂಡೆಗಳು ಅವು. ನಿನ್ನ ಭಾವನ ಮಂಕಿ ಕ್ಯಾಪಿನ ಬೂದು. ನಿನ್ನ ಮಗಳ ಬಾಣಂತನಕ್ಕೆ ಹೆಣೆದ ಕುಲಾವಿಯ ಗುಲಾಬಿ. ತನುಶ್ರೀ ಸೊಸೆಯಾಗಿ ಬಂದ ವರ್ಷದ ಅರಿಶಿನ ಬಣ್ಣ. ನಡುವೆ ನನ್ನ ಮಗ ಜಗನ್‌ನ ಕಾಫಿ ಬಣ್ಣ. ಅವನಿಗೆ ಹೆಣೆದ ಸ್ವೆಟರಿನ ಒಂದು ತೋಳು ಉದ್ದವಾಗಿತ್ತು. "ಅಮ್ಮ, ಈ ತೋಳು ಚಿಂತಾಮಣಿ ಚಿಕ್ಕಮ್ಮನ ಮನೆವರ್ಗೂ ಬರುತ್ತೆ ಕಣಮ್ಮ" ಎಂದು ಊರೆಲ್ಲ ತೋರಿಸಿಕೊಂಡು ತಿರುಗಿದ. ಬಿಚ್ಚಿ ಸರಿ ಮಾಡುತ್ತೇನೆಂದರೂ ಕೊಡಲಿಲ್ಲ. ಕೊನೆಗೆ ಅದನ್ನು ತೊಟ್ಟೇ ಮಣ್ಣಿಗೆ ಹೋದ. ಉಳಿದದ್ದು ಆ ಒಂದು ಉಂಡೆ.

ಅವನ ಹೆಂಡತಿಗೆ ಮತ್ತೆ ಮದುವೆ ಮಾಡುತ್ತಿರುವವಳು ನಾನು. ತೊಂಡೇಬಾವಿಯ ನರಸಿಂಹಮೂರ್ತಿಯನ್ನು ನೋಡಿ ಒಪ್ಪಿದವಳೂ ನಾನೇ. ಮದುವೆಯಾದ ಮೇಲೆ ಅವಳು ಬೆಳಗಿನ ರೈಲಿಗೆ ಗೌರಿಬಿದನೂರಿನ ಶಾಲೆಗೆ ಪಾಠ ಹೇಳಲು ಹೋಗಬೇಕು. ಧನುರ್ಮಾಸದ ಚಳಿಗಾಳಿ ಗಂಟಲಿಗೆ ತಾಗಬಾರದೆಂದು, ತಲೆಯ ಮೇಲಿಂದ ಇಳಿಸಿಕೊಳ್ಳುವ ಹಾಗೆ, ಬಳೆಯಂತೆ ಸುತ್ತಲೂ ಹೆಣೆದ ಕೊರಳುಪಟ್ಟಿ ಅದು. ಅದರಲ್ಲಿ ಜಗನ್‌ನ ಬಣ್ಣ ಬೇಕೆಂದವಳು ತನುಶ್ರೀ. ಮೂರ್ತಿಯೂ ಮುಟ್ಟಿ ನೋಡಿ, "ಅವರ್ದು ನಡೂಲೇ ಇರ್ಲಿ ಅಮ್ಮ" ಎಂದ. ಅವರಿಗಿಲ್ಲದ ಸಂಕಟ ನಿನಗೇನು?

ಕೇಳಿದರೆ ಫೋನಿನಲ್ಲಿ ಏನಂದೆ? "ಸತ್ತೋನ ಉಣ್ಣೆ ಹೊಸ ಮದ್ವೆಗ್ಯಾಕಕ್ಕಯ್ಯ? ಪಾಪಂ, ಆ ಹುಡ್ಗಿಗೆ ಅಪಶಕುನ. ಒಂದ್ ಪಟ್ಟಿ ತಾನೇ ತೆಗ್ದಿದ್ದು!"

ಒಂದು ಪಟ್ಟಿ! ಹೈಸ್ಕೂಲಿನ ಹೊಲಿಗೆ ಪೀರಿಯಡ್ಡಿನಲ್ಲಿ ನನ್ನ ಜೊತೆ ಹೆಣೆಯಲು ಕಲಿತವಳಲ್ಲವೇ ನೀನು? ನಡುವಿನದನ್ನು ಎಳೆದರೆ ಮಿಕ್ಕಿದ್ದು ಹಾಗೇ ನಿಲ್ಲುತ್ತದೆಯೇ? ಎರಡು ತುಂಡಾಗಿ ನನ್ನ ಕೈಗೆ ಬಂತು. ನಿನ್ನ ಮಗಳ ಗುಲಾಬಿಯೂ ಬಿಚ್ಚಿಕೊಳ್ಳುತ್ತಿತ್ತು. ಶಿಡ್ಲಘಟ್ಟದಲ್ಲಿ ಅಪ್ಪ ರೇಷ್ಮೆ ತೆಗೆಯುವಾಗ ಎಳೆ ಕಡಿದರೆ ಗೂಡನ್ನು ಎಸೆಯುತ್ತಿದ್ದರೇ? ತುದಿ ಹುಡುಕಿ ಸೇರಿಸುತ್ತಿದ್ದರು.

ಅದೇ ಅಪ್ಪನ ಕೋಟು ಹಾಕಿಕೊಂಡು ನಿನ್ನ ಗಂಡ ಕಂಡವರ ಮದುವೆಗೆಲ್ಲ ಹೋಗುತ್ತಾರಲ್ಲ, ಅದು ಸತ್ತವರದ್ದಲ್ಲವೇ? ಅವರ ಮೈಮೇಲಿದ್ದರೆ "ಮಾವನವರ ಗುರುತು", ನನ್ನ ಸೊಸೆಯ ಕೊರಳಲ್ಲಿದ್ದರೆ ಅಪಶಕುನವೋ?

ತನುಶ್ರೀ ನಿನ್ನನ್ನು ಒಂದು ಮಾತೂ ಬೈಯಲಿಲ್ಲ. ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು, "ಅತ್ತೆ, ಆ ಉಣ್ಣೆ ಎಲ್ಲಿ?" ಎಂದಳು, ಅಷ್ಟೇ. ಮಂಚದ ಕೆಳಗೆಲ್ಲ ಕೈಯಾಡಿಸಿ ಹುಡುಕಿದೆ, ಒಂದು ಎಳೆಯೂ ಸಿಗಲಿಲ್ಲ.

ನೀನು ಅದನ್ನು ಎಸೆದಿರಲಾರೆ. ಹೂವಿನ ದಾರವನ್ನೂ ಸುತ್ತಿಡುವವಳು ನೀನು. ಅಲ್ಲದೆ, ಜಗನ್‌ನನ್ನು ಎತ್ತಿ ಆಡಿಸಿದವಳು. ಎರಡು ತುಂಡುಗಳ ಬಿಡಿ ಕುಣಿಕೆಗಳಿಗೂ ದಾರ ಪೋಣಿಸಿ ಇಟ್ಟಿದ್ದೇನೆ, ಇನ್ನು ಬಿಚ್ಚಿಕೊಳ್ಳುವುದಿಲ್ಲ. ಬಳೆ ಶಾಸ್ತ್ರಕ್ಕೆ ಒಂದು ದಿನ ಮುಂಚೆಯೇ ಉಣ್ಣೆ ತೆಗೆದುಕೊಂಡು ಬಾ. ನಾನು ಹೆಣಿಗೆ ಕಡ್ಡಿ ಮುಟ್ಟುವುದಿಲ್ಲ. ತನುಶ್ರೀಯ ಎದುರಿಗೆ ಕೂತು ನೀನೇ ಹೆಣೆದು, ನೀನೇ ಕೂಡಿಸಿ, ನೀನೇ ಅವಳ ಕೊರಳಿಗೆ ಹಾಕಬೇಕು. ಒಂದು ಕಡೆ ಬಿಗಿ, ಒಂದು ಕಡೆ ಸಡಿಲವಾದರೆ ಆಗಲಿ. ಅವನ ಸ್ವೆಟರಿನ ತೋಳೂ ಹಾಗೇ ಇತ್ತು.

ನಿನ್ನ ಕಣ್ಣು ಮಂಜಾಗದಿರಲಿ, ಕೈ ನಡುಗದಿರಲಿ. ಆಶೀರ್ವಾದ ಕಳಿಸಿದ್ದೇನೆ, ಕೋಪ ಇನ್ನೂ ನನ್ನ ಹತ್ತಿರವೇ ಇದೆ.

ನಿನ್ನ ಅಕ್ಕ,
ಲಕ್ಷ್ಮೀನರಸಮ್ಮ